ಕೈಚೀಲವಿಲ್ಲದ ಸಂತೆ

ತಿಂಡಿಯ ಹೊತ್ತು ಮೀರಿ, ಊಟದ ಹೊತ್ತು ಇನ್ನೂ ಆಗದ ಹನ್ನೊಂದು ಗಂಟೆಗೆ ಹಸಿವಾದರೆ ನಮ್ಮ ಮನೆಯಲ್ಲಿ ಸಿಗುತ್ತಿದ್ದ ಉತ್ತರ ಒಂದೇ: "ಇನ್ನೊಂದು ಗಂಟೆ ತಡ್ಕೋ, ಊಟಾನೇ ಮಾಡ್ಬಿಡು." ಅದೇ ಹಸಿವಿಗೆ ಇಂಗ್ಲಿಷರು ಬ್ರಂಚ್ ಎಂದು ಹೆಸರಿಟ್ಟು ಮರ್ಯಾದೆ ತಂದುಕೊಟ್ಟರು. 1895ರಲ್ಲಿ ಗೈ ಬೆರಿಂಜರ್ ಎಂಬಾತ ಭಾನುವಾರ ತಡವಾಗಿ ಏಳುವವರ ಪರ ವಕಾಲತ್ತು ವಹಿಸಿ ಒಂದು ಪ್ರಬಂಧವನ್ನೇ ಬರೆದನಂತೆ. ಹಾಗೆ ನೋಡಿದರೆ ಒಂಬತ್ತೂವರೆಗೆ ಸಾರನ್ನ ಉಂಡು, ಕೋಟಿನ ಗುಂಡಿ ಹಾಕಿಕೊಳ್ಳುತ್ತಲೇ ಕಚೇರಿಗೆ ಓಡುತ್ತಿದ್ದ ನಮ್ಮ ತಾತ ಆಯುಷ್ಯವಿಡೀ ಬ್ರಂಚ್ ಮಾಡಿದವರೇ. ಅವರಿಗದು ಗೊತ್ತಿರಲಿಲ್ಲ, ಅಷ್ಟೇ.

ರಜೆಗೆಂದು ಹಂಗೇರಿಯ ಬುಡಾಪೆಸ್ಟಿಗೆ ಹೋದಾಗ ನಾವಿಳಿದಿದ್ದ ಹೋಟೆಲಿನಲ್ಲಿ ತಿಂಡಿ ಹತ್ತಕ್ಕೆ ಮುಗಿಯುತ್ತಿತ್ತು. ನಮ್ಮ ನಿದ್ದೆ ಮುಗಿಯುತ್ತಿರಲಿಲ್ಲ. ಹಾಗಾಗಿ ಒಂದು ಶನಿವಾರ ಖಾಲಿ ಹೊಟ್ಟೆಯಲ್ಲೇ 2ನೇ ನಂಬರಿನ ಟ್ರಾಮ್ ಹತ್ತಿ, ಡ್ಯಾನ್ಯೂಬ್ ನದಿಯ ದಂಡೆಗುಂಟ ಸಾಗಿ, ಅಲ್ಲಿಯ ದೊಡ್ಡ ಮಾರುಕಟ್ಟೆಯ ಮುಂದೆ ಇಳಿದೆವು. 1897ರಲ್ಲಿ ಬಾಗಿಲು ತೆರೆದ ಕಟ್ಟಡ. ಸಮು ಪೆಟ್ಸ್ ಎಂಬ ವಾಸ್ತುಶಿಲ್ಪಿಯದು. ಚಾವಣಿಗೆ ಬಣ್ಣಬಣ್ಣದ ಹೆಂಚು, ಒಳಗೆ ಎತ್ತರದ ಕಬ್ಬಿಣದ ಕಮಾನುಗಳು. ಹೊರಗಿನಿಂದ ರೈಲ್ವೆ ಸ್ಟೇಷನ್ನಿನ ಹಾಗೆ ಕಾಣುತ್ತದೆ. ಒಳಗೆ ಹೋದ ಮೇಲೂ, ಎಲ್ಲೋ ಒಂದು ಪ್ಲಾಟ್‌ಫಾರಂ ಇದ್ದೀತು ಎಂದು ಕಣ್ಣು ಹುಡುಕುತ್ತದೆ.

ತಿನ್ನುವ ಅಂಗಡಿಗಳೆಲ್ಲ ಮೇಲಂತಸ್ತಿನಲ್ಲಿ. ಕೂರಲು ಜಾಗವಿಲ್ಲದಷ್ಟು ಜನ. ನಮ್ಮ ದರ್ಶಿನಿಗಳಲ್ಲಿ ಪಳಗಿದವರಿಗೆ ಅದೇನು ದೊಡ್ಡ ಕಷ್ಟ? ಕಟಕಟೆಯ ಪಕ್ಕ ಮೊಣಕೈ ಊರುವಷ್ಟು ಜಾಗ ಹಿಡಿದೆವು. ಅಲ್ಲಿಯ ಜನಪ್ರಿಯ ತಿನಿಸು ಲಾಂಗೋಷ್. ಹುದುಗು ಬಂದ ಹಿಟ್ಟನ್ನು ತಟ್ಟೆಯಗಲ ಎಳೆದು, ಎಣ್ಣೆಯಲ್ಲಿ ಕರಿದು, ಮೇಲೆ ಬೆಳ್ಳುಳ್ಳಿ ನೀರು ಸವರಿ, ಹುಳಿ ಕೆನೆ ಬಳಿದು, ತುರಿದ ಚೀಸು ಸುರಿಯುತ್ತಾರೆ. ಭಟೂರೆಯ ದೂರದ ಸೋದರಮಾವ ಎನ್ನಬಹುದು. ಲಾಂಗ್ ಎಂದರೆ ಅವರ ಭಾಷೆಯಲ್ಲಿ ಜ್ವಾಲೆ. ಹಿಂದೆ ಬ್ರೆಡ್ಡಿಗೆ ಕಲಸಿ ಉಳಿದ ಹಿಟ್ಟನ್ನು ಒಲೆಯ ಬಾಯಲ್ಲಿ, ಉರಿಯ ಮುಂದಿಟ್ಟು ಸುಡುತ್ತಿದ್ದರಂತೆ.

ನನ್ನಾಕೆಗೆ ಎಣ್ಣೆಯ ಅನುಮಾನ. ಹಂದಿಯ ಕೊಬ್ಬಿನಲ್ಲಿ ಕರಿಯುವುದೂ ಉಂಟೆಂದು ಎಲ್ಲೋ ಓದಿದ್ದಳು. ಭಾಷೆ ಬಾರದೆ ಬಾಣಲೆಯತ್ತ ಬೆರಳು ತೋರಿಸಿ ಹುಬ್ಬು ಹಾರಿಸಿದಳು. ಅಂಗಡಿಯಾಕೆ ಒಂದು ಮಾತೂ ಆಡದೆ ಸೂರ್ಯಕಾಂತಿ ಹೂವಿನ ಚಿತ್ರವಿದ್ದ ಬಾಟಲಿಯನ್ನು ಎತ್ತಿ ತೋರಿಸಿದಳು. ಇಬ್ಬರೂ ನಕ್ಕರು. ಬಿಲ್ಲು ಬಂದಾಗ ನಗು ನನ್ನೊಬ್ಬನಿಗೆ ಬರಲಿಲ್ಲ. ಬೋರ್ಡಿನಲ್ಲಿದ್ದದ್ದು ಬರೀ ಲಾಂಗೋಷಿನ ದರ; ಕೆನೆಗೆ ಬೇರೆ, ಚೀಸಿಗೆ ಬೇರೆ.

ಆದರೂ ಆ ಕಟಕಟೆಯಿಂದ ಕಂಡ ನೋಟಕ್ಕೆ ಆ ದುಡ್ಡು ಸಲ್ಲಬೇಕಾದದ್ದೇ. ಕೆಳಗೆ ಇಡೀ ಪೇಟೆ ಹರಡಿಕೊಂಡಿತ್ತು. ಚಕ್ರದ ಚೀಲ ಎಳೆದುಕೊಂಡು ಬಂದ ಅಜ್ಜಿಯೊಬ್ಬರು ಮೂಲಂಗಿಯ ಕಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, ಬೇಡವೆಂದು ಇಟ್ಟು, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಅದನ್ನೇ ಕೊಂಡರು. ನಾನು ಹುಟ್ಟಿದಾಗಿನಿಂದ ಮಾರ್ಕೆಟ್ಟಿಗೆ ಬರಿಗೈಲಿ ಹೋದವನಲ್ಲ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಮೊದಲು ಅಮ್ಮನ ಹಿಂದೆ ಚೀಲ ಹಿಡಿದೆ, ಆಮೇಲೆ ಇವಳ ಹಿಂದೆ. ಕೊತ್ತಂಬರಿ ಮರೆತು ಬೈಸಿಕೊಳ್ಳುವ ಭಯವಿಲ್ಲದೆ, ಯಾರದೋ ಮೂಲಂಗಿಯ ಚಿಂತೆಯನ್ನು ಮೇಲಿನಿಂದ ನೋಡುತ್ತಾ ಬಿಸಿಬಿಸಿ ತಿನ್ನುವ ಸುಖ ಇದೇ ಮೊದಲು. ಜೊತೆಗೆ ಗಸಗಸೆ ತುಂಬಿದ ಸುರುಳಿ ಸಿಹಿಯೊಂದನ್ನೂ ತಿಂದೆ. ಗಸಗಸೆ ಪಾಯಸ ಉಂಡವನಂತೆ ಅಲ್ಲೇ ಒರಗಿಕೊಳ್ಳೋಣ ಎನಿಸಿತು.

"ರೀ, ಅಲ್ಲಿ ನೋಡ್ರಿ, ನಮ್ಮ ಬ್ಯಾಡಗಿ ಬಣ್ಣ!" ಎಂದಳು. ಕೆಳಗಿನ ಅಂಗಡಿಯಲ್ಲಿ ಕೆಂಪು ಮೆಣಸಿನಕಾಯಿಯ ಸರಗಳು ತೂಗಾಡುತ್ತಿದ್ದವು; ಅವುಗಳ ಕೆಳಗೆ ಪಾಪ್ರಿಕಾ ಎಂಬ ಆ ಮೆಣಸಿನಕಾಯಿಯ ಪುಡಿಯ ಪೊಟ್ಟಣಗಳು. ಅವಳ ತವರು ಬ್ಯಾಡಗಿ. ಅಲ್ಲಿಯ ಮೆಣಸಿನಕಾಯಿಗೂ ಖಾರಕ್ಕಿಂತ ಬಣ್ಣದಿಂದಲೇ ಹೆಸರು. ಅಮೆರಿಕದ ಗಿಡ ಪೋರ್ಚುಗೀಸರ ಹಡಗೇರಿ ನಮ್ಮ ಕಡೆ ಬಂತು, ತುರ್ಕರ ಕೈದಾಟಿ ಹಂಗೇರಿ ಸೇರಿತು. ಎರಡು ಕಡೆಯೂ ಇದು ನಮ್ಮದೇ ಎನ್ನುತ್ತಾರೆ. ಹಂಗೇರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್-ಜ್ಯೋರ್ಜಿ ಒಂದು ರಾತ್ರಿ ಊಟಕ್ಕೆ ಬಂದ ಪಾಪ್ರಿಕಾ ತಿನ್ನಲು ಮನಸ್ಸಿಲ್ಲದೆ, ಉಪಾಯವಾಗಿ ಅದನ್ನು ಪ್ರಯೋಗಾಲಯಕ್ಕೆ ಒಯ್ದನಂತೆ. ಅದರಲ್ಲಿ ಸಿ ಜೀವಸತ್ವ ಹೇರಳವಾಗಿ ಸಿಕ್ಕಿತು. 1937ರಲ್ಲಿ ಅವನಿಗೆ ನೊಬೆಲ್ ಬಂತು. ತಟ್ಟೆಯಲ್ಲಿ ಹಾಗಲಕಾಯಿ ಉಳಿಸಿದ ನನಗೆ ಬಂದದ್ದೇ ಬೇರೆ.

"ಬ್ಯಾಡಗಿಗೆ ಮೆಣಸಿನಪುಡಿ ಹೊತ್ಕೊಂಡು ಹೋಗ್ತೀಯಾ?" ಎಂದೆ.

"ನಮ್ಮವ್ವಗ ತೋರಸಬೇಕ್ರಿ" ಎಂದವಳೇ ಮೆಟ್ಟಿಲಿಳಿದಳು. ಕೊನೆಯ ಮೆಟ್ಟಿಲಿನ ಹೊತ್ತಿಗೆ ಅವಳ ಪರ್ಸಿನಿಂದ ನಾಲ್ಕು ಮಡಿಕೆಯ ಬಟ್ಟೆಚೀಲವೊಂದು ಹೊರಬಂದಿತ್ತು. ಕೊಡವಿ, ಬಿಡಿಸಿ, ನನ್ನ ಕೈಗೆ ಕೊಟ್ಟಳು.