ಎಲ್ಲಿಯವರೆಗೆ ವಾಕ್ಯ, ಎಲ್ಲಿಂದ ಪ್ರಸಂಗ?

ರಜೆಗೆ ಊರಿಗೆ ಹೋಗಿದ್ದಾಗ ಭಾನುವಾರದ ಆರಾಧನೆಯಲ್ಲಿ ನಡೆದದ್ದು ಇದು. ಪಾಸ್ಟರ್ ಟ್ಯಾಬ್ ಹಿಡಿದು ಪುಲ್ಪಿಟ್‌ಗೆ ಬಂದರು. ‘ಯೆರೆಮೀಯ 29, 11ನೇ ವಚನ’ ಅಂದರು. ನಾನು ತೊಡೆ ಮೇಲಿದ್ದ ಸತ್ಯವೇದ, ಅಂದರೆ ಬೈಬಲ್, ತೆರೆದೆ. ಯೆಶಾಯ ದಾಟಿ ಯೆರೆಮೀಯಕ್ಕೆ ಬರುವಷ್ಟರಲ್ಲಿ ವಚನ ಪರದೆಯ ಮೇಲೆ ಬಂದೂ ಆಗಿತ್ತು, ಓದಿಯೂ ಆಗಿತ್ತು. ಪಕ್ಕದಲ್ಲಿದ್ದ ಹುಡುಗ ಬಗ್ಗಿ, ‘ಅಂಕಲ್, ಸ್ಕ್ರೀನಲ್ಲೇ ಹಾಕ್ತಾರಲ್ಲ, ಸುಮ್ನೆ ಯಾಕೆ ಹುಡುಕ್ತೀರಾ?’ ಅಂದ. ಒಳ್ಳೆ ಮನಸ್ಸಿನಿಂದಲೇ ಹೇಳಿದ. ಆದರೂ ಚುಚ್ಚಿತು. ಸುತ್ತ ನೋಡಿದೆ. ಆ ಸಾಲಿನಲ್ಲಿ ಪುಸ್ತಕ ತೆರೆದವನು ನಾನೊಬ್ಬನೇ.

ಇಲ್ಲಿ, ಅಂದರೆ ನಾನೀಗ ಇರುವ ದೇಶದಲ್ಲಿ, ನಾನು ಹೋಗುವ ಸಭೆಯಲ್ಲಿ ಕ್ಯಾಮೆರಾ, ಲೈಟು, ದೊಡ್ಡ ಪರದೆ ಎಲ್ಲಾ ಇದೆ. ಹಾಡಿನ ಸಾಲು ಪರದೆಯ ಮೇಲೆ, ಪ್ರಕಟಣೆ ಪರದೆಯ ಮೇಲೆ, ಕಾಣಿಕೆ ಕೂಡ ಜಾಸ್ತಿ ಜನ ಫೋನಿನಲ್ಲೇ ಕೊಡುತ್ತಾರೆ. ಬಂದ ಹೊಸತರಲ್ಲಿ, ಇನ್ನು ಪ್ರಸಂಗವೂ, ಅಂದರೆ ಪಾಸ್ಟರ್ ಕೊಡುವ ಉಪದೇಶವೂ, ಟ್ಯಾಬ್ ನೋಡಿಕೊಂಡೇ ಇರುತ್ತದೆ, ಪುಸ್ತಕ ಏನಿದ್ದರೂ ಊರಲ್ಲೇ ಅಂತ ಅಂದುಕೊಂಡಿದ್ದೆ. ಉಲ್ಟಾ ಆಯಿತು. ಇಲ್ಲಿನ ಪಾಸ್ಟರ್ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಅವರು ಅಚ್ಚಾದ ಬೈಬಲ್ ಹಿಡಿದೇ ಬರುತ್ತಾರೆ. ಅಂಚು ಸವೆದಿದೆ, ಬೆನ್ನಿಗೆ ಟೇಪ್ ಸುತ್ತಿದೆ. ಅಧ್ಯಾಯ ಹೇಳಿ ಸುಮ್ಮನೆ ನಿಲ್ಲುತ್ತಾರೆ. ಹಾಳೆ ತಿರುವುವ ಸದ್ದು ನಿಲ್ಲುವ ತನಕ ಬಾಯಿ ತೆರೆಯುವುದಿಲ್ಲ. ಆಮೇಲೆ ಬೆರಳನ್ನು ಸಾಲಿನ ಮೇಲಿಟ್ಟು ಓದುತ್ತಾರೆ. ಓದಿ ಮುಗಿದ ಮೇಲೆ ಪುಸ್ತಕವನ್ನು ಪೀಠದ ಮೇಲೆ ಹಾಗೇ ತೆರೆದಿಟ್ಟು, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಪ್ರಸಂಗ ಶುರು ಮಾಡುತ್ತಾರೆ. ಮತ್ತೆ ವಾಕ್ಯ ಬೇಕಾದರೆ ಮತ್ತೆ ಪೀಠದ ಹಿಂದೆ ಬರುತ್ತಾರೆ, ಬೆರಳಿಟ್ಟು ಓದುತ್ತಾರೆ. ಯಾವುದು ದೇವರ ವಾಕ್ಯ, ಯಾವುದು ಪಾಸ್ಟರ್ ಮಾತು ಅನ್ನುವುದು ಮುಂದಿನ ಸಾಲಿನಲ್ಲಿ ಕೂತ ಮಕ್ಕಳಿಗೂ ಗೊತ್ತಾಗುತ್ತದೆ.

ನನಗೆ ಮುಖ್ಯ ಅನಿಸುವುದು ಇದೊಂದೇ. ಪುಸ್ತಕದ ವಾಸನೆ, ಚರ್ಮದ ಹೊದಿಕೆ, ಅಜ್ಜನ ಕಾಲದ ನೆನಪು, ಇವೆಲ್ಲ ನನಗೂ ಇಷ್ಟ. ಆದರೆ ಅದಕ್ಕೋಸ್ಕರ ವಾದ ಮಾಡುವ ಅಗತ್ಯವಿಲ್ಲ. ಟ್ಯಾಬಿನಲ್ಲಿ ಸತ್ಯವೇದವೂ ಅದೇ ಗಾಜಿನ ಮೇಲೆ, ಪಾಸ್ಟರ್ ಬರೆದುಕೊಂಡ ಟಿಪ್ಪಣಿಯೂ ಅದೇ ಗಾಜಿನ ಮೇಲೆ. ಕಣ್ಣು ಎರಡಕ್ಕೂ ಕೆಳಗೇ ಇರುತ್ತದೆ. ಬೆರಳು ಎರಡಕ್ಕೂ ಹಾಗೇ ಸರಿಯುತ್ತದೆ. ಕೇಳುವವರು ಯಾವುದನ್ನು ಯಾವುದು ಅಂತ ತಿಳಿಯಬೇಕು?

ಊರಿನ ಆ ಭಾನುವಾರವೇ ಇದಕ್ಕೆ ಸಾಕ್ಷಿ ಸಿಕ್ಕಿತು. ಆರಾಧನೆ ಮುಗಿಸಿ ಮನೆಗೆ ಬರುವಾಗ ದೊಡ್ಡಮ್ಮ ತುಂಬಾ ಸಂತೋಷದಲ್ಲಿದ್ದರು. ‘ಕೇಳಿದೆಯೇನೋ, ನಿನ್ನ ಕಾಯುವಿಕೆ ಈ ವರ್ಷವೇ ಮುಗಿಯುತ್ತೆ ಅಂತ ಯೆರೆಮೀಯನ ಪುಸ್ತಕದಲ್ಲೇ ಬರೆದಿದೆ’ ಅಂದರು. ಹಾಗೆ ಎಲ್ಲೂ ಬರೆದಿಲ್ಲ. ಆ ಮಾತು ಪಾಸ್ಟರ್‌ದು. ವಚನ ಓದಿದ ದನಿಯಲ್ಲೇ, ಟ್ಯಾಬಿನ ಮೇಲಿಂದ ಕಣ್ಣೆತ್ತದೆ, ಉಸಿರೂ ಬಿಡದೆ ಹೇಳಿದ್ದರು. ಪರದೆಯ ಮೇಲೆ ಆಗ ಇದ್ದದ್ದು 11ನೇ ವಚನ ಒಂದೇ. ದೇವರ ಆಲೋಚನೆಗಳು ನಮ್ಮ ಹಿತಕ್ಕೇ, ಕೇಡಿಗಲ್ಲ ಅನ್ನುವ ವಚನ ಅದು. ದೊಡ್ಡಮ್ಮನ ಕಿವಿಯಲ್ಲಿ ಎರಡೂ ಸೇರಿ ಒಂದೇ ಆಗಿಹೋಯಿತು. ಪಾಸ್ಟರ್ ಮೋಸ ಮಾಡಬೇಕೆಂದು ಹಾಗೆ ಹೇಳಿದರು ಅಂತ ನಾನು ಅನ್ನುವುದಿಲ್ಲ. ಒಳ್ಳೆಯ ಮನುಷ್ಯ. ಆದರೆ ಕೇಳಿದವರ ಪಾಲಿಗೆ ಆದದ್ದು ಆಯಿತಲ್ಲ.

ಈಗ ಆ ಪುಟವನ್ನೇ ತೆರೆದು ನೋಡಿ. ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆಯಾಗಿ ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದದ್ದು ಅದು. 11ನೇ ವಚನದ ಮೇಲೆ ಕಣ್ಣಿಟ್ಟರೆ 10ನೆಯದು ಕಾಣದೆ ಇರುವುದಿಲ್ಲ. ಅಲ್ಲಿ ಬಾಬೆಲಿಗೆ 70 ವರ್ಷ ತುಂಬಿದ ಮೇಲೆ ನಿಮ್ಮನ್ನು ಕಟಾಕ್ಷಿಸುತ್ತೇನೆ ಅಂತಿದೆ. ಎಪ್ಪತ್ತು ವರ್ಷ! ಈ ವರ್ಷ ಅಲ್ಲ, ಮುಂದಿನ ವರ್ಷವೂ ಅಲ್ಲ. ಕೇಳುತ್ತಿದ್ದವರಲ್ಲಿ ಹೆಚ್ಚಿನವರು ಅದನ್ನು ನೋಡಲು ಬದುಕಿರುವುದಿಲ್ಲ. ಇನ್ನೂ ಎರಡು ವಚನ ಮೇಲಕ್ಕೆ ಹೋದರೆ, ನಿಮ್ಮ ನಡುವೆ ಇರುವ ಪ್ರವಾದಿಗಳ ಮಾತಿಗೆ ಮೋಸ ಹೋಗಬೇಡಿ ಅನ್ನುವ ಎಚ್ಚರಿಕೆ. ಬೇಗ ಮನೆಗೆ ಹೋಗುತ್ತೀರಿ ಅಂತ ಹೇಳುತ್ತಿದ್ದವರ ಬಗ್ಗೆಯೇ ಆ ಎಚ್ಚರಿಕೆ. ಅದರ ಹಿಂದಿನ 7ನೇ ವಚನದಲ್ಲಿ, ನೀವು ಸೆರೆಯಾಗಿ ಹೋಗಿರುವ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಅಂತಿದೆ. ಇದು ಊರು ಬಿಟ್ಟು ದೂರದಲ್ಲಿರುವ ಜನರಿಗೆ ಬರೆದ ಕಾಗದ. ಹೊರನಾಡಿನಲ್ಲಿ ಕೂತು ಓದುವ ನನಗೆ ಆ 7ನೇ ವಚನ ಎಷ್ಟು ಸಲ ಧೈರ್ಯ ಕೊಟ್ಟಿದೆ ಅಂತ ಹೇಳಲಾರೆ. ಒಂದೇ ಪುಟದಲ್ಲಿ ಇಷ್ಟೆಲ್ಲ ಇದೆ. ಪರದೆಗೆ ಬಂದದ್ದು ಒಂದೇ ಒಂದು ವಚನ, ಅದೂ ಇನ್ನೊಬ್ಬರು ಆರಿಸಿ ಕೊಟ್ಟದ್ದು.

ಬೆರೋಯ ಅನ್ನುವ ಪಟ್ಟಣದ ಜನರನ್ನು ಅಪೊಸ್ತಲರ ಕೃತ್ಯಗಳು 17ನೇ ಅಧ್ಯಾಯ ಹೊಗಳುತ್ತದೆ. ಯಾಕೆ? ಅಪೊಸ್ತಲ ಪೌಲನಂಥವನು ಬಂದು ಹೇಳಿದರೂ ಅವರು ದಿನವೂ ಶಾಸ್ತ್ರ ಓದಿ, ಅವನು ಹೇಳಿದ್ದು ಹೌದೋ ಅಲ್ಲವೋ ಅಂತ ಪರೀಕ್ಷೆ ಮಾಡಿದರು. ಪರೀಕ್ಷೆ ಮಾಡಲು ಪುಟ ಎದುರಿಗಿರಬೇಕು, ಸಮಯವೂ ಬೇಕು. ಹಾಳೆ ತಿರುವುವ ತನಕ ಕಾಯುವ ಪಾಸ್ಟರ್ ಆ ಸಮಯ ಕೊಡುತ್ತಾರೆ. ತಾನು ಹೇಳುವುದನ್ನು ಜನ ಪುಸ್ತಕದ ಜೊತೆ ಹೋಲಿಸಿ ನೋಡಲಿ ಅಂತ ಅವರೇ ಜಾಗ ಮಾಡಿಕೊಟ್ಟ ಹಾಗೆ.

ಲೂಕನ ಸುವಾರ್ತೆ 4ನೇ ಅಧ್ಯಾಯವನ್ನು ಈ ಕಣ್ಣಿನಿಂದ ಇನ್ನೊಮ್ಮೆ ಓದಿ. ನಜರೇತಿನ ಸಭಾಮಂದಿರ. ಯೇಸು ಓದಲು ಎದ್ದು ನಿಲ್ಲುತ್ತಾನೆ. ಯೆಶಾಯನ ಸುರುಳಿಯನ್ನು ಕೈಗೆ ಕೊಡುತ್ತಾರೆ. ಬಿಚ್ಚಿ, ಆ ಮಾತು ಬರೆದಿರುವ ಜಾಗ ಹುಡುಕಿ ಓದುತ್ತಾನೆ. ಆಮೇಲೆ ಸುರುಳಿ ಸುತ್ತಿ, ಸೇವಕನ ಕೈಗೆ ವಾಪಸ್ ಕೊಟ್ಟು, ಕೂತುಕೊಳ್ಳುತ್ತಾನೆ. ಎಲ್ಲರ ಕಣ್ಣೂ ಅವನ ಮೇಲೇ. ಮಾತು ಶುರುವಾಗುವುದು ಅಲ್ಲಿಂದ ಮುಂದೆ. ಲೂಕ ಇಷ್ಟು ಸಣ್ಣ ಸಣ್ಣ ವಿವರ ಯಾಕೆ ಬರೆದಿಟ್ಟನೋ, ನನಗಂತೂ ಅದು ಪ್ರತಿಯೊಬ್ಬ ಪ್ರಸಂಗಿಗೂ ಪಾಠದಂತೆ ಕಾಣುತ್ತದೆ. ಯೇಸುವೇ ಓದುವುದನ್ನೂ ಹೇಳುವುದನ್ನೂ ಬೇರೆ ಬೇರೆಯಾಗಿ ತೋರಿಸಿದ ಮೇಲೆ, ನಮ್ಮವರು ಯಾಕೆ ಒಂದೇ ಗಾಜಿನೊಳಗೆ ಬೆರೆಸಬೇಕು?

ನೆಹೆಮೀಯ 8ನೇ ಅಧ್ಯಾಯದಲ್ಲೂ ಹೀಗೇ. ಬಾಬೆಲಿನಿಂದ ಮರಳಿದ ಜನ ಯೆರೂಸಲೇಮಿನಲ್ಲಿ ನೀರುಬಾಗಿಲ ಮುಂದಿನ ಬಯಲಿನಲ್ಲಿ ಸೇರಿದ್ದಾರೆ. ಧರ್ಮಶಾಸ್ತ್ರ ಬಲ್ಲ ಯಾಜಕ ಎಜ್ರ ಮರದ ಪೀಠದ ಮೇಲೆ ನಿಂತು, ಎಲ್ಲರಿಗೂ ಕಾಣುವಂತೆ ಪುಸ್ತಕ ತೆರೆಯುತ್ತಾನೆ. ತೆರೆದ ಕೂಡಲೇ ಜನರೆಲ್ಲ ಎದ್ದು ನಿಲ್ಲುತ್ತಾರೆ. ಓದುವುದು ನಡೆಯುತ್ತದೆ, ಅರ್ಥ ಬಿಡಿಸಿ ಹೇಳುವುದೂ ನಡೆಯುತ್ತದೆ. ಟ್ಯಾಬ್ ಆನ್ ಮಾಡಿದಾಗ ಯಾರಾದರೂ ಎದ್ದು ನಿಂತದ್ದನ್ನು ನಾನು ನೋಡಿಲ್ಲ.

ಇದೇನು ನನ್ನೊಬ್ಬನ ಹಠವಲ್ಲ. 2012ರಲ್ಲಿ ನ್ಯೂಜಿಲೆಂಡಿನ ಕ್ಯಾಥೊಲಿಕ್ ಬಿಷಪ್ಪರು, ಪೂಜೆಯ ಹೊತ್ತಿನಲ್ಲಿ ಪಾದ್ರಿಗಳು ಪೂಜಾಗ್ರಂಥದ ಬದಲು ಐಪ್ಯಾಡ್ ಬಳಸಬಾರದು ಅಂತ ಹೇಳಿದರು. ಆ ಗ್ರಂಥ ಇರುವುದು ಆ ಒಂದು ಕೆಲಸಕ್ಕೇ, ಐಪ್ಯಾಡಿನಲ್ಲಾದರೆ ಆಟ, ವಿಡಿಯೋ, ಮೇಲ್ ಎಲ್ಲಾ ಇರುತ್ತದೆ ಅನ್ನುವುದು ಅವರ ಕಾರಣ. ನಾನು ಕ್ಯಾಥೊಲಿಕ್ ಅಲ್ಲ. ಆದರೂ ಆ ಕಾರಣ ನನಗೆ ಪೂರಾ ಒಪ್ಪಿಗೆ.

ಇದನ್ನೆಲ್ಲ ಫೋನಿನಲ್ಲಿ ಚಿಕ್ಕಪ್ಪನ ಮಗನ ಹತ್ತಿರ ಹೇಳಿಕೊಂಡೆ. ಅವನು ಊರಿನ ಸಭೆಯ ಕಮಿಟಿಯಲ್ಲಿದ್ದಾನೆ. ಅವನೂ ಸುಮ್ಮನಿರಲಿಲ್ಲ. ‘ಅಣ್ಣ, ಯೇಸುವಿನ ಕೈಯಲ್ಲಿ ಇದ್ದದ್ದೂ ನಿನ್ನ ಕೈಯಲ್ಲಿರೋ ಥರದ ಪುಸ್ತಕ ಅಲ್ವಲ್ಲ’ ಅಂದ. ಸರಿಯಾದ ಮಾತು. ಸುರುಳಿ ಬಿಟ್ಟು ಹಾಳೆ ಹೊಲಿದ ಪುಸ್ತಕಕ್ಕೆ ಉಳಿದವರಿಗಿಂತ ಬೇಗ ಬಂದವರು ಮೊದಲ ಶತಮಾನಗಳ ಕ್ರೈಸ್ತರೇ. ಈಗಿನ ಅಧ್ಯಾಯಗಳ ವಿಂಗಡಣೆ ಆದದ್ದು 13ನೇ ಶತಮಾನದ ಶುರುವಿನಲ್ಲಿ, ಇಂಗ್ಲೆಂಡಿನ ಧರ್ಮಗುರು ಸ್ಟೀಫನ್ ಲ್ಯಾಂಗ್ಟನ್ ಕೈಯಿಂದ ಅನ್ನುತ್ತಾರೆ. ಗುಟೆನ್‌ಬರ್ಗ್ ಬೈಬಲ್ ಅಚ್ಚು ಹಾಕಿದ್ದು 1450ರ ದಶಕದಲ್ಲಿ. ನಾವು ಬಾಯಿಪಾಠ ಹೇಳುವ ಹೊಸ ಒಡಂಬಡಿಕೆಯ ವಚನಗಳ ಅಂಕಿ 1551ರಲ್ಲಿ ಫ್ರೆಂಚ್ ಮುದ್ರಕ ರಾಬೆರ್ ಎಸ್ತಿಯೆನ್ ಹಾಕಿದ್ದು. ಪ್ರತಿಯೊಂದೂ ಅದರ ಕಾಲಕ್ಕೆ ಹೊಸದೇ. ರೂಪ ಬದಲಾಗಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ಈ ಬದಲಾವಣೆಗಳಲ್ಲೆಲ್ಲ ಒಂದು ಗೆರೆ ಉಳಿದಿತ್ತು. ವ್ಯಾಖ್ಯಾನ ಬರೆದ ಹಳೇ ಹಸ್ತಪ್ರತಿಗಳಲ್ಲೂ ವಾಕ್ಯ ನಡುವೆ ದೊಡ್ಡ ಅಕ್ಷರದಲ್ಲಿ, ವ್ಯಾಖ್ಯಾನ ಸುತ್ತಲೂ ಸಣ್ಣ ಅಕ್ಷರದಲ್ಲಿ ಇರುತ್ತಿತ್ತು. ನೋಡಿದ ತಕ್ಷಣ ಬೇರೆ ಅಂತ ಗೊತ್ತಾಗುತ್ತಿತ್ತು.

ನನ್ನ ಸಿಟ್ಟು ಇರುವುದು ನಮ್ಮ ಊರಿನವರ ಅವಸರದ ಮೇಲೆ. ಹೊಸದು ಬಂತು ಅಂದರೆ ಸಾಕು, ಹಳೆಯದನ್ನು ಅಟ್ಟಕ್ಕೆ ಹಾಕುತ್ತೇವೆ. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು 19ನೇ ಶತಮಾನದ ಮೊದಲ ದಶಕಗಳಲ್ಲಿ ವರ್ಷಗಟ್ಟಲೆ ಕೂತು ಸತ್ಯವೇದವನ್ನು ಕನ್ನಡಕ್ಕೆ ತಂದರು. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನಿನವರು ಓದು ಬರಹ ಕಲಿಸಲು ಶಾಲೆ ತೆರೆದರು, ಆಮೇಲೆ ಅಚ್ಚುಕೂಟ ಹಾಕಿದರು. ಜನ ತಾವೇ ಓದಿ ತಿಳಿಯಲಿ ಅನ್ನುವುದೇ ಅದರ ಉದ್ದೇಶ. ಅಷ್ಟು ಕಷ್ಟಪಟ್ಟು ಕೈಗೆ ಬಂದ ಪುಸ್ತಕವನ್ನು ಮನೆಯಲ್ಲಿ ಬಿಟ್ಟು ಬರೀ ಕೈಯಲ್ಲಿ ಸಭೆಗೆ ಬರುತ್ತೇವೆ. ಪುಲ್ಪಿಟ್ ಮೇಲೆ ಪುಸ್ತಕ ಕಾಣದಿದ್ದರೆ ಕೂತವರ ಕೈಯಲ್ಲಿ ಹೇಗೆ ಕಂಡೀತು? ಮುಂದೆ ನಿಂತವರು ಮಾಡಿದ್ದನ್ನೇ ಹಿಂದೆ ಕೂತವರು ಮಾಡುತ್ತಾರೆ.

ಹಾಗಂತ ಎದುರಿನವರ ಮಾತಿನಲ್ಲಿ ಹುರುಳಿಲ್ಲ ಅಂದರೆ ತಪ್ಪಾಗುತ್ತದೆ. ಊರಿನ ಪಾಸ್ಟರ್ ಟ್ಯಾಬ್ ಹಿಡಿದದ್ದು ಶೋಕಿಗಲ್ಲ ಅಂತ ತಮ್ಮ ಹೇಳಿದ ಮೇಲೇ ನನಗೆ ಗೊತ್ತಾಗಿದ್ದು. ಅವರ ಕಣ್ಣು ಮಂಜಾಗಿದೆ. ಕನ್ನಡ ಸತ್ಯವೇದದ ಒತ್ತಕ್ಷರಗಳು ಸಣ್ಣ ಅಚ್ಚಿನಲ್ಲಿ ಒಂದರ ಮೇಲೊಂದು ಕೂತುಬಿಡುತ್ತವೆ. ಟ್ಯಾಬಿನಲ್ಲಾದರೆ ಎರಡು ಬೆರಳಲ್ಲಿ ಹಿಗ್ಗಿಸಿಕೊಂಡು ಓದಬಹುದು. ಕಣ್ಣು ಪೂರ್ತಿ ಕಾಣದವರಿಗಂತೂ ಫೋನು ಓದಿ ಹೇಳುವುದು ದೊಡ್ಡ ವರ. ಬ್ರೈಲ್‌ನಲ್ಲಿ ಇಡೀ ಬೈಬಲ್ ಒಂದು ಕಪಾಟನ್ನೇ ತುಂಬುತ್ತದೆ, ಎತ್ತಿಕೊಂಡು ಸಭೆಗೆ ಬರಲು ಆಗುವುದಿಲ್ಲ. ನನ್ನ ಮಾತೇ ತಗೊಳ್ಳಿ. ಈ ದೇಶದಲ್ಲಿ ರೈಲಿನಲ್ಲಿ ಕೂತು ಕನ್ನಡದಲ್ಲೇ ಕೀರ್ತನೆ ಓದುತ್ತೇನೆ ಅಂದರೆ ಅದು 2008ರಲ್ಲಿ ಶುರುವಾದ ಯೂವರ್ಷನ್ ಅನ್ನುವ ಬೈಬಲ್ ಆಪ್‌ನಿಂದ. ಭಾಷಾಂತರಗಳನ್ನು ಅಕ್ಕಪಕ್ಕ ಇಟ್ಟು ನೋಡಲು, ಒಂದು ವಚನ ಎಲ್ಲೆಲ್ಲಿ ಬರುತ್ತದೆ ಅಂತ ಹುಡುಕಲು ಅದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಪಾಸ್ಟರ್ ವಾರವಿಡೀ ಮನೆಯಲ್ಲಿ ಅದನ್ನೇ ಬಳಸಿ ತಯಾರಿ ಮಾಡಲಿ, ಒಳ್ಳೆಯದೇ.

ಇನ್ನೊಂದನ್ನೂ ಒಪ್ಪಲೇಬೇಕು. ಪುಸ್ತಕ ಹಿಡಿದವರೆಲ್ಲ ವಾಕ್ಯಕ್ಕೆ ನಿಷ್ಠರಲ್ಲ. ದಪ್ಪ ಸತ್ಯವೇದವನ್ನು ಪ್ರಸಂಗ ಮುಗಿಯುವವರೆಗೂ ಗಾಳಿಯಲ್ಲಿ ಬೀಸಿ, ಒಂದೇ ಒಂದು ವಚನ ಓದಿದವರನ್ನೂ ನಾನು ಕೇಳಿದ್ದೇನೆ. ಟ್ಯಾಬ್ ಹಿಡಿದೇ, ‘ಇದು ನನ್ನ ಮಾತು, ವಾಕ್ಯ ಇಲ್ಲಿಗೆ ಮುಗಿಯಿತು’ ಅಂತ ಬಾಯಿಬಿಟ್ಟು ಹೇಳುವ ಪ್ರಸಂಗಿ ಇದ್ದರೆ ಅವರ ಮುಂದೆ ಕೂರಲು ನನಗೆ ಸಂತೋಷವೇ.

ಆದರೂ ನನ್ನ ಮನಸ್ಸು ಪುಸ್ತಕದ ಕಡೆಗೇ. ಟಿಪ್ಪಣಿ ಟ್ಯಾಬಿನಲ್ಲಿರಲಿ, ಬೇಡ ಅನ್ನುವುದಿಲ್ಲ. ವಾಕ್ಯ ಓದುವಾಗ ಮಾತ್ರ ಅದನ್ನು ಪಕ್ಕಕ್ಕಿಟ್ಟು ಪುಸ್ತಕ ತೆರೆಯಲಿ. ಅಧ್ಯಾಯ ಹೇಳಿ ಜನ ಹುಡುಕುವ ತನಕ ಕಾಯಲಿ. ಪರದೆಯ ಮೇಲೆ ಹಾಕುವುದೇ ಆದರೆ ಒಂದು ವಚನದ ಬದಲು ಹಿಂದಿನ ಮುಂದಿನ ವಚನಗಳನ್ನೂ ಸೇರಿಸಿ ಹಾಕಲಿ. ತಮ್ಮನಿಗೆ ಇಷ್ಟನ್ನೇ ಬರೆದು ಕಳಿಸಿದೆ. ಪಾಸ್ಟರ್ ಕಣ್ಣಿಗೆ ಆಗುವಂಥ ದೊಡ್ಡ ಅಕ್ಷರದ ಸತ್ಯವೇದ ಸಿಕ್ಕರೆ ಅದರ ಖರ್ಚು ನನ್ನದು ಅಂತಲೂ ಹೇಳಿದ್ದೇನೆ. ಮುಂದಿನ ಕಮಿಟಿ ಮೀಟಿಂಗಿನಲ್ಲಿ ಮಾತು ಎತ್ತುತ್ತೇನೆ, ಪಾಸ್ಟರ್ ಏನಂತಾರೋ ನೋಡೋಣ ಅಂದಿದ್ದಾನೆ.