ಐದೇ ನಿಮಿಷದಲ್ಲಿ ಅವತರಿಸಿದ ಹಾಡು

ಹೊಸ ಹಾಡೊಂದು ಬಿಡುಗಡೆಯಾದಾಗಲೆಲ್ಲ ನಡೆಯುವ ಆ ಸಂದರ್ಶನವನ್ನು ನೀವೂ ನೋಡಿರುತ್ತೀರಿ. ನಿರೂಪಕರು ದನಿ ತಗ್ಗಿಸಿ, "ಇದಕ್ಕೆ ಸ್ಫೂರ್ತಿ ಎಲ್ಲಿಂದ ಬಂತು ಸರ್?" ಎಂದು ಕೇಳುತ್ತಾರೆ, ಸಂಗೀತ ನಿರ್ದೇಶಕರು ಒಮ್ಮೆ ಛಾವಣಿಯತ್ತ ನೋಡಿ, "ನಾನೇನೂ ಮಾಡಲಿಲ್ಲ, ತಾನಾಗಿಯೇ ಬಂತು, ಐದೇ ನಿಮಿಷ" ಎನ್ನುತ್ತಾರೆ. ಕಾದಂಬರಿಕಾರರಾದರೆ ಪಾತ್ರಗಳೇ ಬೆನ್ನುಹತ್ತಿ ಬರೆಸಿಕೊಂಡವು ಎನ್ನುತ್ತಾರೆ. ಲೋಕದ ಸಮಸ್ತ ಕಲೆಯೂ ಹೀಗೆ ಯಾರ ಕೈಯೂ ಸೋಕದೆ ಹುಟ್ಟುತ್ತಿರುವುದು ಸಂತೋಷದ ವಿಷಯವೇ ಸರಿ. ಆದರೆ ಅದೇ ಹಾಡಿನ ಧಾಟಿ ತನ್ನದೆಂದು ಇನ್ನೊಬ್ಬ ನ್ಯಾಯಾಲಯದ ಮೆಟ್ಟಿಲೇರಿದ ದಿನ ಆ ಐದು ನಿಮಿಷ ಎತ್ತಲೋ ಮಾಯವಾಗಿ, ದಿನಾಂಕ ನಮೂದಿಸಿದ ಕರಡುಗಳೂ ಧ್ವನಿಮುದ್ರಣಗಳೂ ಸಾಕ್ಷಿಗಳೂ ಸಾಲಾಗಿ ಹೊರಬರುತ್ತವೆ. ಸ್ಫೂರ್ತಿದೇವಿ ವೇದಿಕೆಗೆ ಬರುತ್ತಾಳೆಯೇ ಹೊರತು ಕಟಕಟೆಗೆ ಬರುವುದಿಲ್ಲ.

ಈ ವಿದ್ಯೆಯಲ್ಲಿ ಎಲ್ಲರ ಗುರುವೆಂದರೆ ಇಂಗ್ಲಿಷ್ ಕವಿ ಕೋಲ್‌ರಿಜ್. 'ಕುಬ್ಲಾ ಖಾನ್' ಕವಿತೆಯನ್ನು 1816ರಲ್ಲಿ ಪ್ರಕಟಿಸುವಾಗ ಆತ ಅದಕ್ಕೊಂದು ಮುನ್ನುಡಿ ಜೋಡಿಸಿದ: ಔಷಧಿ ಸೇವಿಸಿ ಮೂರು ತಾಸು ನಿದ್ರಿಸಿದಾಗ ಇನ್ನೂರು ಮುನ್ನೂರು ಸಾಲುಗಳು ತಾವಾಗಿಯೇ ಮೂಡಿದವು, ಎದ್ದು ಬರೆದುಕೊಳ್ಳುತ್ತಿದ್ದಾಗ ಪೋರ್ಲಾಕ್ ಎಂಬ ಊರಿನಿಂದ ಯಾರೋ ವ್ಯವಹಾರದ ಮೇಲೆ ಬಂದು ತಾಸಿಗೂ ಮಿಕ್ಕಿ ಕಾಲ ಕಳೆದ, ಅವನು ಎದ್ದು ಹೋಗುವಷ್ಟರಲ್ಲಿ ಉಳಿದದ್ದು ಮರೆತೇಹೋಯಿತು. ನಮಗೆ ದಕ್ಕಿದ್ದು 54 ಸಾಲು. ಕವಿಯದೇ ಕೈಬರಹದ ಪ್ರತಿಯೊಂದು 1934ರಲ್ಲಿ ಬೆಳಕಿಗೆ ಬಂತು. ಅದರ ಕೊನೆಯ ಟಿಪ್ಪಣಿಯಲ್ಲಿ ಅಫೀಮು ಇದೆ, ಉಳಿದುಕೊಂಡಿದ್ದ ತೋಟದ ಮನೆ ಇದೆ, ಆ ಅತಿಥಿಯ ಸುಳಿವು ಮಾತ್ರ ಇಲ್ಲ. ಮುದ್ರಿತ ಪಾಠಕ್ಕೂ ಅದಕ್ಕೂ ಅಲ್ಲಲ್ಲಿ ವ್ಯತ್ಯಾಸಗಳೂ ಇವೆ, ಅಂದರೆ ಕನಸಿನಲ್ಲಿ ಬಂದ ಸಾಲುಗಳಿಗೂ ಎಚ್ಚರದಲ್ಲಿ ತಿದ್ದುಪಡಿ ಬೇಕಾಗಿತ್ತು. ಕವಿತೆ ಅದ್ಭುತವೇ, ಅದರಲ್ಲಿ ತಕರಾರಿಲ್ಲ. ಆದರೆ ಇನ್ನೂರು ವರ್ಷಗಳಿಂದ ಬೈಸಿಕೊಳ್ಳುತ್ತಿರುವ, ಪ್ರಾಯಶಃ ಬಂದೇ ಇರದ ಆ ಬಡಪಾಯಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಗಡುವು ಮೀರಿದ ಪ್ರತಿ ಲೇಖಕನಿಗೂ ಅಂಥವನೊಬ್ಬ ಬೇಕು. ಈಗ ಆ ಹುದ್ದೆಯನ್ನು ಮೊಬೈಲ್ ಫೋನು ಹಗಲಿರುಳೂ ನಿರ್ವಹಿಸುತ್ತಿದೆ.

ತಾವಾಗಿ ಹೀಗೆ ಹೇಳಿಕೊಳ್ಳದವರ ಬಾಯಿಗೆ ಸತ್ತ ಮೇಲಾದರೂ ಈ ಮಾತನ್ನು ತುರುಕಲಾಗುತ್ತದೆ. ಇಡೀ ಕೃತಿ ಮನಸ್ಸಿನಲ್ಲಿ ಒಂದೇ ನೋಟಕ್ಕೆ ಕಾಣಿಸಿಕೊಳ್ಳುತ್ತದೆ ಎಂದು ಸಂಗೀತಕಾರ ಮೊಜಾರ್ಟ್ ಬರೆದನೆನ್ನಲಾದ ಪತ್ರವೊಂದನ್ನು ರೋಖ್ಲಿಟ್ಸ್ ಎಂಬ ಸಂಪಾದಕ 1815ರಲ್ಲಿ ಪ್ರಕಟಿಸಿದ. ಅದು ನಕಲಿ ಎಂದು ವಿದ್ವಾಂಸರು ತೀರ್ಮಾನಿಸಿ ಎಷ್ಟೋ ಕಾಲವಾಯಿತು. ಮೊಜಾರ್ಟ್ ನಿಜವಾಗಿ ಬರೆದದ್ದು ಬೇರೆ. 1785ರಲ್ಲಿ ಆರು ವಾದ್ಯಕೃತಿಗಳನ್ನು ಹಿರಿಯ ಸಂಗೀತಕಾರ ಹೈಡನ್‌ಗೆ ಅರ್ಪಿಸುತ್ತ, ಇವು ದೀರ್ಘವಾದ, ಪ್ರಯಾಸದ ದುಡಿಮೆಯ ಫಲ ಎಂದಿದ್ದ. ಸಹಜವಾಗಿಯೇ ಭಾಷಣಗಳಲ್ಲಿ ಉದ್ಧೃತವಾಗುವುದು ನಕಲಿ ಪತ್ರ.

ಇನ್ನು ಜರ್ಮನ್ ಕವಿ, ನಾಟಕಕಾರ ಷಿಲ್ಲರ್‌ನ ಸೇಬುಗಳ ಬಗ್ಗೆ ಹೇಳದಿದ್ದರೆ ಮನಸ್ಸು ತಡೆಯದು. ಕವಿ ಗಯಟೆ ಒಮ್ಮೆ ಗೆಳೆಯ ಷಿಲ್ಲರ್‌ನ ಮನೆಗೆ ಹೋಗಿ, ಅವನು ಇಲ್ಲದ ಹೊತ್ತಿನಲ್ಲಿ ಅವನ ಬರವಣಿಗೆಯ ಮೇಜಿನೆದುರು ಕುಳಿತನಂತೆ. ಸ್ವಲ್ಪ ಹೊತ್ತಿಗೆ ತಲೆ ಸುತ್ತಿ, ಪ್ರಜ್ಞೆ ತಪ್ಪುವಂತಾಯಿತು. ದುರ್ನಾತದ ಜಾಡು ಹಿಡಿದು ಡ್ರಾಯರ್ ಎಳೆದು ನೋಡಿದರೆ ಅದರ ತುಂಬ ಕೊಳೆತ ಸೇಬು. ಆ ವಾಸನೆಯಿಲ್ಲದೆ ತನ್ನ ಪತಿಗೆ ಬರೆಯಲಾಗುವುದಿಲ್ಲ ಎಂದು ಷಿಲ್ಲರ್‌ನ ಹೆಂಡತಿ ವಿವರಿಸಿದಳು. ನನ್ನ ಕುತೂಹಲವೆಲ್ಲ ಆ ಹೆಣ್ಣುಮಗಳ ಬಗ್ಗೆ: ಸ್ಫೂರ್ತಿ ಪೂರ್ತಿ ಕರಗಿ ನೀರಾದ ಮೇಲೆ ಆ ಡ್ರಾಯರನ್ನು ತೊಳೆಯುತ್ತಿದ್ದವರು ಯಾರು ಎಂಬುದನ್ನು ಯಾವ ಜೀವನಚರಿತ್ರೆಕಾರನೂ ವಿಚಾರಿಸಿದಂತಿಲ್ಲ.

ಸಂಗೀತಗಾರರ ಸ್ಥಿತಿ ಇನ್ನೂ ನಾಜೂಕು. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ದೇವರನ್ನೇ ಕರೆಯುತ್ತ ಹಾಡಿದ 'ಮೈ ಸ್ವೀಟ್ ಲಾರ್ಡ್' ಬೇರೊಂದು ಜನಪ್ರಿಯ ಗೀತೆಯ ನಕಲು, ಆದರೆ ಆ ನಕಲು ನಡೆದದ್ದು ಸುಪ್ತಮನಸ್ಸಿನಲ್ಲಿ ಎಂದು ಅಮೆರಿಕದ ನ್ಯಾಯಾಲಯ 1976ರಲ್ಲಿ ತೀರ್ಪಿತ್ತಿತು. ಇಂಗ್ಲಿಷ್ ಗಾಯಕ ಎಡ್ ಶೀರನ್ ಹಾಡು ಕದ್ದನೆಂದು ತನ್ನ ಮೇಲೆ ಹೂಡಿದ್ದ ಮೊಕದ್ದಮೆಯನ್ನು 2022ರಲ್ಲಿ ಗೆದ್ದ ಬಳಿಕ, ಈಗ ತಾನು ಹಾಡು ಕಟ್ಟುವುದೆಲ್ಲವನ್ನೂ ಕ್ಯಾಮೆರಾದಲ್ಲಿ ಚಿತ್ರೀಕರಿಸಿಡುತ್ತೇನೆ ಎಂದ. ಅಲ್ಲಿಗೆ ದೈವಕೃಪೆಗೂ ಸಿಸಿಟಿವಿ ಬಂದಂತಾಯಿತು. ಸಾವಿರ ವರ್ಷಕ್ಕೂ ಹಿಂದೆ ಸಂಸ್ಕೃತ ಕವಿ ರಾಜಶೇಖರ ತನ್ನ 'ಕಾವ್ಯಮೀಮಾಂಸೆ'ಯಲ್ಲಿ, ಕಳ್ಳನಲ್ಲದ ಕವಿಯಿಲ್ಲ, ಕಳ್ಳನಲ್ಲದ ವರ್ತಕನೂ ಇಲ್ಲ, ಬಚ್ಚಿಡಲು ಬಲ್ಲವನು ನಿಂದೆಯಿಲ್ಲದೆ ಸುಖವಾಗಿರುತ್ತಾನೆ ಎಂದು ಹೇಳಿ ಮುಗಿಸಿದ್ದ. ಆತನನ್ನು ಯಾರೂ ಸಂದರ್ಶಿಸಲಿಲ್ಲವೆಂದು ಕಾಣುತ್ತದೆ.

ಸತ್ಯ ಹೇಳಿದವನ ಗತಿಯನ್ನೂ ನೋಡಿ. ಅಂಚೆ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ಕಾದಂಬರಿಗಳನ್ನು ಬರೆದ ಇಂಗ್ಲಿಷ್ ಲೇಖಕ ಆಂಟನಿ ಟ್ರೊಲೊಪ್, ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದಗಳ ಲೆಕ್ಕದಲ್ಲಿ ಬರೆಯುತ್ತಿದ್ದೆ ಎಂದು ಆತ್ಮಕಥೆಯಲ್ಲಿ ಒಪ್ಪಿಕೊಂಡ. ಅವನು ತೀರಿಕೊಂಡ ಮರುವರ್ಷ, 1883ರಲ್ಲಿ, ಪುಸ್ತಕ ಹೊರಬಂದಾಗ ರಸಿಕರು ಮೂಗು ಮುರಿದರು. ಕಾದಂಬರಿಗಳು ಮಾತ್ರ ಮೊದಲಿದ್ದಂತೆಯೇ ಇದ್ದವು, ಒಂದು ಅಕ್ಷರವೂ ಬದಲಾಗಿರಲಿಲ್ಲ.

ನಗುವುದಕ್ಕೂ ಬೇಸರವಾಗುವುದು ಇಲ್ಲಿಯೇ. ತಾನಾಗಿಯೇ ಬಂತು ಎಂಬ ಮಾತನ್ನು ಅತ್ಯಂತ ಶ್ರದ್ಧೆಯಿಂದ ನಂಬುವವರು ಹಣ ಕೊಡಬೇಕಾದವರು. ಹತ್ತು ಸಲ ಹರಿದುಹಾಕಿ ಬರೆದವರಿಗೆ, ಒಂದೇ ಸಾಲನ್ನು ಗಂಟಲು ಕಟ್ಟುವವರೆಗೆ ಹಾಡಿ ಹದಕ್ಕೆ ತಂದವರಿಗೆ, "ನಿಮಗೇನು, ಕೂತರೆ ಬಂದುಬಿಡುತ್ತದೆ, ನಮಗಾಗಿ ಒಂದು ಮಾಡಿಕೊಡಿ" ಎನ್ನುತ್ತಾರೆ. ಸಂಭಾವನೆಯ ಮಾತೆತ್ತಿದರೆ, ದೈವದತ್ತವಾದುದಕ್ಕೆ ಬೆಲೆ ಕಟ್ಟುತ್ತೀರಾ ಎಂದು ಮುಖ ಚಿಕ್ಕದು ಮಾಡಿಕೊಳ್ಳುತ್ತಾರೆ. ಇದು ಭಕ್ತಿಯಲ್ಲ, ಪುಕ್ಕಟೆ ದುಡಿಸಿಕೊಳ್ಳುವ ಉಪಾಯ, ಮತ್ತು ಛಾವಣಿ ನೋಡಿ ಮಾತಾಡಿದ ನಮ್ಮ ದೊಡ್ಡವರೇ ಅದನ್ನು ಅವರ ಕೈಗೆ ಕೊಟ್ಟಿದ್ದಾರೆ. ಅದೇ ಸಂಘಟಕರು ಧ್ವನಿವರ್ಧಕದವನ ಬಾಡಿಗೆಯನ್ನು ಮುಂಗಡವಾಗಿಯೇ ಸಲ್ಲಿಸಿರುತ್ತಾರೆ, ಏಕೆಂದರೆ ತನ್ನ ಪೆಟ್ಟಿಗೆಗಳು ಸ್ವರ್ಗದಿಂದ ಇಳಿದವೆಂದು ಅವನು ಯಾರ ಮುಂದೆಯೂ ಹೇಳಿಕೊಂಡಿಲ್ಲ.