ಕೆಲಸಕ್ಕೆ ವಾಟ್ಸಾಪ್ ಸಾಕು, ರಜೆಗೆ ಮಾತ್ರ ಆದೇಶ ಸಂಖ್ಯೆ ಬೇಕಾ?

ನಾನು ಗ್ರಾಮ ಆಡಳಿತ ಅಧಿಕಾರಿ, ಹಳೇ ಹೆಸರಲ್ಲಿ ವಿ.ಎ. ರಜೆ ಅರ್ಜಿ ಕೊಟ್ಟಿದ್ದಕ್ಕೆ ತಾಲ್ಲೂಕಿನ ಸಾಹೇಬರು "ಆದೇಶ ಸಂಖ್ಯೆ ಎಲ್ಲಮ್ಮಾ?" ಅಂತ ಕೇಳಿದರಲ್ಲ, ಅದು ಇನ್ನೂ ಕಿವಿಯಲ್ಲೇ ಇದೆ. ಸಂಜೆಯಿಂದ ಊಟ ಸೇರುತ್ತಿಲ್ಲ.

ನಾನೇನು ಬಿಟ್ಟಿ ರಜೆ ಕೇಳಿದೆನಾ? ಭಾನುವಾರ, ಎರಡನೇ ಶನಿವಾರ ಅಂತ ನೋಡದೆ ನನ್ನ ವೃತ್ತದಲ್ಲಿ, ಅಂದರೆ ನನಗೆ ವಹಿಸಿದ ಹಳ್ಳಿಗಳಲ್ಲಿ, ಅಲೆದಿದ್ದಕ್ಕೆ ಬದಲಿ ರಜೆ ಕೇಳಿದ್ದು. ಅಮ್ಮನ ಕಣ್ಣಿನ ಆಪರೇಷನ್ ಇದೆ, ಕೇಂದ್ರಸ್ಥಾನ (ಕೆಲಸದ ಊರು) ಬಿಡಲು ಅನುಮತಿ ಕೊಡಿ ಅಂತಲೂ ಬರೆದಿದ್ದೆ.

ಪ್ರಗತಿ ಪರಿಶೀಲನಾ ಸಭೆ ಮುಗಿಯುವ ಹೊತ್ತು. ಆರ್.ಐ.ಗಳು (ಕಂದಾಯ ನಿರೀಕ್ಷಕರು), ನಮ್ಮ ಹೋಬಳಿಯವರು, ಪಕ್ಕದ ಹೋಬಳಿಯವರು, ಕೇಸ್ ವರ್ಕರ್‌ಗಳು ಎಲ್ಲರೂ ಕೂತಿದ್ದರು. ಸಾಹೇಬರು ಸಹಿ ಹಾಕಲಿಲ್ಲ. ಆಗಲ್ಲ ಅಂತಲೂ ಹೇಳಲಿಲ್ಲ. ಅರ್ಜಿಯನ್ನು ಎತ್ತಿ ಹಿಡಿದು ಎಲ್ಲರಿಗೂ ಕೇಳುವ ಹಾಗೆ ಓದಿದರು. ಅಮ್ಮನ ಕಣ್ಣಿನ ವಿಷಯವನ್ನೂ ಬಿಡಲಿಲ್ಲ. "ಭಾನುವಾರ ಕೆಲಸ ಮಾಡಿ ಅಂತ ಯಾರು ಹೇಳಿದ್ರು? ಆದೇಶ ಸಂಖ್ಯೆ ಎಲ್ಲಮ್ಮಾ?" ಅಂದರು. "ಗ್ರೂಪಲ್ಲಿ ನೀವೇ ಹಾಕಿದ್ರಿ ಸರ್" ಅಂದೆ. "ವಾಟ್ಸಾಪ್ ಮೆಸೇಜು ಆದೇಶ ಆಗುತ್ತಾ? ಅಷ್ಟೂ ಗೊತ್ತಿಲ್ವಾ ನಿಮಗೆ?" ಹಿಂದಿನ ಸಾಲಲ್ಲಿ ಯಾರೋ ನಕ್ಕರು. ನಕ್ಕವರೂ ನಮ್ಮವರೇ, ಅದೇ ಭಾನುವಾರ ಬಿಸಿಲಲ್ಲಿ ಅಲೆದವರೇ. ಮೊಬೈಲ್ ತೆಗೆದು ಮೆಸೇಜ್ ತೋರಿಸಲು ಹೋದೆ. "ಅದಿರಲಿ, ಪೌತಿ ಖಾತೆ (ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು) ಎಷ್ಟು ಬಾಕಿ ಇದೆ, ಅದನ್ನ ತೋರಿಸಿ" ಅಂತ ಅರ್ಜಿಯನ್ನು ಟೇಬಲ್ ಮೇಲೆ ನನ್ನ ಕಡೆ ತಳ್ಳಿದರು. ಅದು ಜಾರಿ ಕೆಳಗೆ ಬಿತ್ತು. ಅಷ್ಟು ಜನರ ಮುಂದೆ ಬಗ್ಗಿ ಎತ್ತಿಕೊಂಡೆ.

ಆ ಮೆಸೇಜ್ ನೀವೇ ಓದಿ. "ನಾಳೆ ಭಾನುವಾರ ಎಲ್ಲಾ ವಿ.ಎ.ಗಳು ಕಡ್ಡಾಯವಾಗಿ ವೃತ್ತದಲ್ಲಿದ್ದು ಪ್ರಗತಿ ಸಾಧಿಸುವುದು. ತಪ್ಪಿದಲ್ಲಿ ಶಿಸ್ತು ಕ್ರಮ." ಕೆಳಗೆ ಸಾಲಾಗಿ ನಮ್ಮೆಲ್ಲರ "ನೋಟೆಡ್ ಸರ್".

ಅವತ್ತು ಬರಲಿಲ್ಲ ಅಂತ ನಮ್ಮಲ್ಲೊಬ್ಬರಿಗೆ ಕಾರಣ ಕೇಳಿ ನೋಟಿಸ್ ಕೊಟ್ಟರು. ಅದರಲ್ಲಿ ಏನಿತ್ತು ಗೊತ್ತಾ? "ವಾಟ್ಸಾಪ್ ಮೂಲಕ ಸೂಚಿಸಿದ್ದಾಗ್ಯೂ ಗೈರುಹಾಜರಾಗಿರುತ್ತೀರಿ." ನೋಟಿಸ್ ಕೊಡಲು ಆಗುವ ಮೆಸೇಜು ರಜೆ ಕೊಡಲು ಯಾಕೆ ಆಗಲ್ಲ? ಯಾರಾದರೂ ಹೇಳಿ.

ಇನ್ನು ಸಾಕ್ಷಿ ಬೇಕಾ? ಲ್ಯಾಂಡ್ ಬೀಟ್ ಆ್ಯಪ್ ತೆರೆದು ನೋಡಲಿ. ಸರ್ಕಾರಿ ಜಮೀನಿನ ಸರ್ವೆ ನಂಬರಿಗೇ ಹೋಗಿ ನಿಂತು ಎಂಟ್ರಿ ಮಾಡಿದ್ದೇನೆ. ತಾರೀಖು, ಟೈಮು, ಜಾಗ ಎಲ್ಲವೂ ಅದರಲ್ಲಿದೆ. ಜಿಲ್ಲಾ ಮಟ್ಟದ ವಿಸಿಯಲ್ಲಿ (ವಿಡಿಯೋ ಕಾನ್ಫರೆನ್ಸ್) ನಮ್ಮ ತಾಲ್ಲೂಕಿನ ಪ್ರಗತಿ ಅಂತ ತೋರಿಸುವಾಗ ಆ ಭಾನುವಾರದ ಎಂಟ್ರಿ ಲೆಕ್ಕಕ್ಕೆ ಬರುತ್ತೆ. ನನ್ನ ರಜೆ ಲೆಕ್ಕಕ್ಕೆ ಮಾತ್ರ ಬರಲ್ಲ.

ನಮಗೆ ಓವರ್‌ಟೈಮ್ ದುಡ್ಡಂತೂ ಇಲ್ಲ. ಕಾರ್ಖಾನೆ ಕಾರ್ಮಿಕರಿಗೆ 1948ರ ಕಾರ್ಖಾನೆ ಕಾಯ್ದೆಯಲ್ಲೇ ಹೆಚ್ಚುವರಿ ಗಂಟೆಗೆ ದುಪ್ಪಟ್ಟು ಕೂಲಿ ಅಂತಿತ್ತು. ನಾವು ದುಪ್ಪಟ್ಟು ಕೇಳಿಲ್ಲ, ದುಡ್ಡೇ ಕೇಳಿಲ್ಲ. ದಿನಕ್ಕೆ ದಿನ ಕೊಡಿ ಅಂದೆವು, ಅಷ್ಟೇ. 2019ರಲ್ಲಿ ನಾಲ್ಕನೇ ಶನಿವಾರ ರಜೆ ಕೊಡ್ತೀವಿ ಅಂತ ವರ್ಷಕ್ಕೆ 15 ಇದ್ದ ಸಿ.ಎಲ್. (ಸಾಂದರ್ಭಿಕ ರಜೆ) ಅನ್ನು 10ಕ್ಕೆ ಇಳಿಸಿದರು. ಹೋದ ಐದು ಸಿ.ಎಲ್. ಹೋಯಿತು. ಆ ನಾಲ್ಕನೇ ಶನಿವಾರ ನಮ್ಮ ಕೈಗೆ ಸಿಗುತ್ತಿದೆಯಾ? ಅವತ್ತೂ ಅಭಿಯಾನ, ಅವತ್ತೂ ವಿಸಿ. ಸಂಬಂಧಿಕರು ಬೇರೆ "ನಿಮಗೇನು ಬಿಡಿ, ಸರ್ಕಾರಿ ಕೆಲಸ, ಬರೀ ರಜೆ" ಅಂತಾರೆ. ಅವರಿಗೆ ಉತ್ತರ ಕೊಡುವ ತಾಳ್ಮೆಯೂ ಉಳಿದಿಲ್ಲ.

ಬಿಡಿ, ಹೇಳಿ ಏನು ಪ್ರಯೋಜನ. 2024ರ ಸೆಪ್ಟೆಂಬರಲ್ಲಿ ರಾಜ್ಯದಾದ್ಯಂತ ಮುಷ್ಕರ ಮಾಡಿದೆವು, 2025ರ ಫೆಬ್ರವರಿಯಲ್ಲಿ ಮತ್ತೆ ಕೂತೆವು. ಆ್ಯಪ್‌ಗಳ ಹೊರೆ ಇಳಿಸಿ, ರಜಾ ದಿನ ಕೆಲಸಕ್ಕೆ ಕರೆಯಬೇಡಿ ಅಂತ ಆಗಲೇ ಕೇಳಿದ್ದೆವು. ಆಮೇಲೂ ಶನಿವಾರ ರಾತ್ರಿ ಮೆಸೇಜ್ ಬರುವುದು ನಿಂತಿಲ್ಲ. ನಾಳೆ, ಉಳಿದಿರುವ ಸಿ.ಎಲ್. ಅನ್ನೇ ಹಾಕಿ ಊರಿಗೆ ಹೋಗುತ್ತೇನೆ. ಅಮ್ಮ ಕಾಯುತ್ತಿದ್ದಾರೆ, ಜಗಳ ಆಡುತ್ತಾ ಕೂರಲು ಆಗಲ್ಲ.

ಆದರೆ ಸುಮ್ನೆ ಬಿಡಲು ಮನಸ್ಸೇ ಒಪ್ಪುತ್ತಿಲ್ಲ. ಅದು ನನ್ನ ದುಡಿಮೆಯ ರಜೆ. ಯಾಕೆ ಬಿಡಬೇಕು? ಬಗ್ಗಿ ಎತ್ತಿಕೊಂಡ ಆ ಅರ್ಜಿ ಬ್ಯಾಗಲ್ಲೇ ಇದೆ. ಊರಿಂದ ಬಂದ ಮೇಲೆ ಆ ಮೆಸೇಜು, ಆ್ಯಪ್ ಎಂಟ್ರಿ ಎರಡರ ಪ್ರಿಂಟ್ ಲಗತ್ತಿಸಿ ಕಚೇರಿಯ ಟಪಾಲು ವಿಭಾಗದಲ್ಲೇ ಕೊಟ್ಟು ಸ್ವೀಕೃತಿ ಪಡೆಯುತ್ತೇನೆ. ಕೊಡಲ್ಲ ಅನ್ನುವುದಾದರೆ ಅದನ್ನೂ ಬರೆದೇ ಕೊಡಲಿ.

ನಿಯಮ ಬಲ್ಲವರು, ಸಂಘದವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಹೇಳಿ. ಮುಂದಿನ ಸಲ ಗ್ರೂಪಲ್ಲಿ ಭಾನುವಾರದ ಮೆಸೇಜ್ ಬಂದಾಗ "ಆದೇಶ ಸಂಖ್ಯೆ ತಿಳಿಸಿ ಸರ್" ಅಂತ ನಾನು ಹಾಕಬಹುದಾ? ಹಾಕಿದ್ದಕ್ಕೆ ನೋಟಿಸ್ ಬಂದರೆ ನನ್ನ ಜೊತೆ ಯಾರು ಬರುತ್ತೀರಿ?